ಟಾರಿನಿಂದ ಡೀಸೆಲ್ ಬರುತ್ತದೆ, ಆದರೆ ಯಾವ ಟಾರಿನಿಂದ?

ಪೆಟ್ರೋಲ್ ರೇಟು ಏರಿದಾಗಲೆಲ್ಲ ಯಾರಾದರೂ ಒಬ್ಬರು ನನ್ನನ್ನು ಕೇಳುತ್ತಾರೆ. ಕಲ್ಲಿದ್ದಲಿನ ಟಾರಿನಿಂದ ಡೀಸೆಲ್ ಮಾಡಬಹುದಂತೆ, ನಮ್ಮ ದೇಶದಲ್ಲಿ ಅಷ್ಟೊಂದು ಕಲ್ಲಿದ್ದಲು ಇದೆ, ಮತ್ತೆ ಯಾಕೆ ಮಾಡುತ್ತಿಲ್ಲ? ಮೊದಲು ಕೋಕ್ ಓವನ್ನಿನ ಬೈಪ್ರಾಡಕ್ಟ್ ಪ್ಲಾಂಟಿನಲ್ಲಿ, ಆಮೇಲೆ ರಿಫೈನರಿಯ ಹೈಡ್ರೋಕ್ರ್ಯಾಕರಿನಲ್ಲಿ (ಭಾರದ ಎಣ್ಣೆಗೆ ಹೈಡ್ರೋಜನ್ ಕೊಟ್ಟು ಮುರಿದು ಹಗುರ ಎಣ್ಣೆ ಮಾಡುವ ಘಟಕ) ಕೆಲಸ ಮಾಡಿದವನು ಅಂತ ಗೊತ್ತಿರುವುದರಿಂದ ಈ ಪ್ರಶ್ನೆ ನನ್ನ ಹತ್ತಿರವೇ ಬರುತ್ತದೆ.

ಮಾಡಬಹುದು. ಸುಮಾರು 90 ವರ್ಷದ ಹಿಂದೆಯೇ ಜರ್ಮನಿಯಲ್ಲಿ, ಇಂಗ್ಲೆಂಡಿನಲ್ಲಿ ಮಾಡಿದ್ದಾರೆ. ಚೀನಾದಲ್ಲಿ ಈಗಲೂ ಮಾಡುತ್ತಿದ್ದಾರೆ. ಆದರೆ ನಮ್ಮ ಸ್ಟೀಲ್ ಪ್ಲಾಂಟುಗಳಲ್ಲಿ ಸಿಗುವ ಟಾರನ್ನು ಡೀಸೆಲ್ ಮಾಡಲು ಹೊರಟರೆ ದುಡ್ಡೂ ದಂಡ, ಟಾರೂ ದಂಡ. ಇದು ನನ್ನ ಅಭಿಪ್ರಾಯ. ಕಾರಣ ಸ್ವಲ್ಪ ಉದ್ದ ಇದೆ, ಕೂತು ಓದಿ.

ಕಲ್ಲಿದ್ದಲನ್ನು ಗಾಳಿ ತಾಗದ ಹಾಗೆ ಮುಚ್ಚಿಟ್ಟು ಕಾಯಿಸಿದರೆ ಅದು ಉರಿಯುವುದಿಲ್ಲ. ಒಳಗಿದ್ದ ಅನಿಲವನ್ನೆಲ್ಲ ಬಿಟ್ಟುಕೊಟ್ಟು ಗಟ್ಟಿ ಕೋಕ್ ಆಗುತ್ತದೆ. ಹೊರಬಂದ ಅನಿಲವನ್ನು ತಣ್ಣಗೆ ಮಾಡಿದಾಗ ಕೆಳಗೆ ಕೂರುವ ಕಪ್ಪು ದ್ರವವೇ ಟಾರ್. ಬಿಸಿ ಇದ್ದಾಗ ನೀರಿನ ಹಾಗೆ ಹರಿಯುತ್ತದೆ, ಆರಿದ ಮೇಲೆ ನಮ್ಮ ಜೋನಿ ಬೆಲ್ಲದ ಹಾಗೆ ಎಳೆ ಎಳೆಯಾಗಿ ಇಳಿಯುತ್ತದೆ. ವಾಸನೆ ಬಟ್ಟೆಗೆ ಹತ್ತಿದರೆ ಎಷ್ಟು ಒಗೆದರೂ ಹೋಗುವುದಿಲ್ಲ, ಮನೆಯವರು ಆ ಬಟ್ಟೆಯನ್ನು ಬೇರೆ ಬಕೆಟ್ಟಿಗೇ ಹಾಕುತ್ತಾರೆ. ಇಲ್ಲೊಂದು ಗೊಂದಲ ಮೊದಲೇ ಬಿಡಿಸಿಬಿಡುತ್ತೇನೆ. ಈಗ ರಸ್ತೆಗೆ ಹಾಕುವುದು ಈ ಟಾರಲ್ಲ. ಅದು ರಿಫೈನರಿಯಲ್ಲಿ ಕಚ್ಚಾ ತೈಲದ ತಳದಲ್ಲಿ ಉಳಿಯುವ ಬಿಟುಮೆನ್.

ಟಾರ್ ಅಂದರೆ ಒಂದೇ ವಸ್ತು ಅಂದುಕೊಳ್ಳುವಲ್ಲೇ ಹೆಚ್ಚಿನವರು ದಾರಿ ತಪ್ಪುತ್ತಾರೆ. ಎಷ್ಟು ಬಿಸಿಯಲ್ಲಿ ತೆಗೆದದ್ದು ಅನ್ನುವುದರ ಮೇಲೆ ಅದರ ಜಾತಕವೇ ಬದಲಾಗುತ್ತದೆ. ತೋರಣಗಲ್ಲಿನಲ್ಲೋ ಭಿಲಾಯಿಯಲ್ಲೋ ಇರುವ ಕೋಕ್ ಓವನ್ನುಗಳು 1,000 ಡಿಗ್ರಿಗೂ ಮೇಲೆ ಕಾಯುತ್ತವೆ. ಅಲ್ಲಿ ಒಂದು ಟನ್ ಕಲ್ಲಿದ್ದಲಿಗೆ 30ರಿಂದ 40 ಕೆಜಿ ಟಾರ್ ಸಿಗುತ್ತದೆ. ಆ ಬಿಸಿಗೆ ಉದ್ದುದ್ದದ ಅಣುಗಳೆಲ್ಲ ಮುರಿದು, ಉಳಿದವು ಒಂದಕ್ಕೊಂದು ಅಂಟಿಕೊಂಡು ಬೆಂಜೀನ್ ಉಂಗುರಗಳ ಗುಂಪಾಗಿರುತ್ತವೆ. ಎರಡು ಉಂಗುರ ಸೇರಿದರೆ ನ್ಯಾಫ್ತಲೀನ್, ನೀವು ಬೀರುವಿನಲ್ಲಿ ಇಡುತ್ತೀರಲ್ಲ ಡಾಂಬರು ಗುಳಿಗೆ, ಅದೇ. ಮೂರು ಸೇರಿದರೆ ಆಂತ್ರಸೀನ್. ಹೀಗೆ ನಾಲ್ಕು, ಐದು, ಆರು ಅಂತ ಬೆಳೆಯುತ್ತಾ ಹೋಗಿ ಕೊನೆಗೆ ಕಾಯಿಸಿ ಬಟ್ಟಿ ಇಳಿಸಲಿಕ್ಕೂ ಆಗದ ಪಿಚ್ ಆಗುತ್ತದೆ. ಈ ಟಾರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪಿಚ್ಚೇ ಇರುತ್ತದೆ.

ಅದೇ ಕಲ್ಲಿದ್ದಲನ್ನು, ಅದರಲ್ಲೂ ಎಳೆಯ ಕಲ್ಲಿದ್ದಲನ್ನು ಅಥವಾ ಲಿಗ್ನೈಟ್ ಅನ್ನುವ ಕಂದು ಕಲ್ಲಿದ್ದಲನ್ನು, 500ರಿಂದ 700 ಡಿಗ್ರಿಯಲ್ಲಿ ಕಾಯಿಸಿದರೆ ಬರುವ ಟಾರ್ ಬೇರೆಯೇ. ಪ್ರಮಾಣ ಹೆಚ್ಚು. ಮೇಣದಂಥ ಉದ್ದ ಸರಪಳಿಗಳು ಇನ್ನೂ ಉಳಿದಿರುತ್ತವೆ. ಫೀನಾಲ್‌ಗಳು, ಅಂದರೆ ಆಕ್ಸಿಜನ್ ಅಂಟಿಕೊಂಡಿರುವ ಉಂಗುರಗಳು, ಬೇಕಾದಷ್ಟು. ಪಿಚ್ ಕಡಿಮೆ. ಇನ್ನು ಮುಂದೆ ನಾನು ಬಿಸಿ ಟಾರ್, ತಂಪು ಟಾರ್ ಅಂತ ಬರೆದರೆ ಇವೆರಡು ಅಂತ ತಿಳಿದುಕೊಳ್ಳಿ. ಪುಸ್ತಕದಲ್ಲಿ ಹೀಗೆ ಇರುವುದಿಲ್ಲ, ನನ್ನ ಅನುಕೂಲಕ್ಕೆ ಇಟ್ಟುಕೊಂಡ ಹೆಸರು.

ಈಗ ಲೆಕ್ಕ. ಡೀಸೆಲ್‌ನಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಶೇ. 13ರಷ್ಟು ಹೈಡ್ರೋಜನ್ ಇರುತ್ತದೆ. ಬಿಸಿ ಟಾರಿನಲ್ಲಿ ಇರುವುದು ಶೇ. 5ರಿಂದ 6. ತಂಪು ಟಾರಿನಲ್ಲಿ ಶೇ. 8ರಿಂದ 9. ಟಾರನ್ನು ಹಗುರ ಎಣ್ಣೆ ಮಾಡುವುದು ಅಂದರೆ ಮುಖ್ಯವಾಗಿ ಈ ಕೊರತೆ ತುಂಬುವುದು. ಗಂಧಕ, ನೈಟ್ರೋಜನ್, ಆಕ್ಸಿಜನ್ ತೆಗೆಯಲು ಖರ್ಚಾಗುವುದನ್ನು ಸದ್ಯಕ್ಕೆ ಬಿಟ್ಟು ಕಾಗದದ ಮೇಲೆ ಹಾಕಿ ನೋಡಿ. ಒಂದು ಟನ್ ತಂಪು ಟಾರಿಗೆ ಸುಮಾರು 40 ಕೆಜಿ ಹೈಡ್ರೋಜನ್ ಬೇಕು, ಬಿಸಿ ಟಾರಿಗೆ ಸುಮಾರು 80 ಕೆಜಿ. ಕೆಜಿಯಲ್ಲಿ ಕೇಳಿದರೆ ಏನೂ ಅನಿಸುವುದಿಲ್ಲ. ಆದರೆ ನೀರನ್ನು ವಿದ್ಯುತ್ತಿನಿಂದ ಒಡೆದು ಒಂದು ಕೆಜಿ ಹೈಡ್ರೋಜನ್ ತೆಗೆಯಲು 50 ಯೂನಿಟ್‌ಗಿಂತ ಜಾಸ್ತಿ ಕರೆಂಟ್ ಬೇಕು. 80 ಕೆಜಿಗೆ 4,000 ಯೂನಿಟ್. ಯೂನಿಟ್ಟಿಗೆ 5 ರೂಪಾಯಿ ಅಂತ ಹಿಡಿದರೂ ಒಂದು ಟನ್ ಟಾರಿಗೆ 20,000 ರೂಪಾಯಿ ಬರೀ ಕರೆಂಟಿಗೇ ಹೋಯಿತು. ಟಾರಿನ ಬೆಲೆ, ಪ್ಲಾಂಟಿನ ಬಡ್ಡಿ, ಕ್ಯಾಟಲಿಸ್ಟಿನ (ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕು ಮಾಡುವ ವಸ್ತು) ಖರ್ಚು ಎಲ್ಲ ಇದರ ಮೇಲೆ.

ಅಷ್ಟೊಂದು ಕರೆಂಟ್ ಯಾಕೆ, ಕೋಕ್ ಓವನ್ನಿನ ಗ್ಯಾಸಿನಲ್ಲೇ ಹೈಡ್ರೋಜನ್ ಇದೆಯಲ್ಲ ಅಂತ ಈ ಕ್ಷೇತ್ರದವರು ಕೇಳುತ್ತಾರೆ. ನಿಜ, ಆ ಗ್ಯಾಸಿನಲ್ಲಿ ಶೇ. 55ರಿಂದ 60 ಹೈಡ್ರೋಜನ್ನೇ, ಅದನ್ನು ಬೇರ್ಪಡಿಸುವುದೂ ಕಷ್ಟವಲ್ಲ. ಆದರೆ ಸ್ಟೀಲ್ ಪ್ಲಾಂಟಿನಲ್ಲಿ ಆ ಗ್ಯಾಸ್ ಗಾಳಿಗೆ ಹೋಗುತ್ತಿರುವುದಿಲ್ಲ. ಓವನ್ ಕಾಯಿಸಲು, ರೋಲಿಂಗ್ ಮಿಲ್ಲಿನ ಫರ್ನೇಸಿಗೆ, ಪವರ್ ಪ್ಲಾಂಟಿಗೆ ಅದೇ ಬೇಕು. ಅದನ್ನು ಕಿತ್ತುಕೊಂಡರೆ ಅಲ್ಲಿಗೆ ಬೇರೆ ಇಂಧನ ತಂದು ಕೊಡಬೇಕಾಗುತ್ತದೆ. ಪುಕ್ಕಟೆ ಹೈಡ್ರೋಜನ್ ಅನ್ನುವುದು ಎಲ್ಲೂ ಇಲ್ಲ.

ಸರಿ, ದುಡ್ಡಿನ ವಿಷಯ ಪಕ್ಕಕ್ಕಿಡೋಣ. ಈ ಕೆಲಸ ಹುಟ್ಟಿದ ಕಥೆ ನನಗೆ ಬಹಳ ಇಷ್ಟ.

ಫ್ರೆಡ್ರಿಕ್ ಬರ್ಗಿಯುಸ್ ಅನ್ನುವ ಜರ್ಮನ್ ರಸಾಯನ ವಿಜ್ಞಾನಿ 1913ರಲ್ಲೇ ಪೇಟೆಂಟ್ ತೆಗೆದುಕೊಂಡ. ಕಲ್ಲಿದ್ದಲಿನ ಪುಡಿಯನ್ನೂ ಭಾರದ ಎಣ್ಣೆಗಳನ್ನೂ ಭಾರೀ ಒತ್ತಡದಲ್ಲಿ ಹೈಡ್ರೋಜನ್ ಜೊತೆ ಕಾಯಿಸಿದರೆ ಹಗುರ ಎಣ್ಣೆಯಾಗುತ್ತದೆ ಅಂತ ತೋರಿಸಿದ. ಆದರೆ ಲ್ಯಾಬಿನಲ್ಲಿ ಆಗುವುದು ಬೇರೆ, ಫ್ಯಾಕ್ಟರಿಯಲ್ಲಿ ಆಗುವುದು ಬೇರೆ. ಅವನ ಕೈಯಲ್ಲಿ ಒಳ್ಳೆಯ ಕ್ಯಾಟಲಿಸ್ಟ್ ಇರಲಿಲ್ಲ. ಆಗ ಗೊತ್ತಿದ್ದ ಕ್ಯಾಟಲಿಸ್ಟುಗಳಿಗೆ ಗಂಧಕ ಅಂದರೆ ವಿಷ, ಒಂಚೂರು ತಗುಲಿದರೆ ಸತ್ತುಹೋಗುತ್ತಿದ್ದವು. ಕಲ್ಲಿದ್ದಲಿನಲ್ಲೂ ಟಾರಿನಲ್ಲೂ ಗಂಧಕವೇ ತುಂಬಿರುತ್ತದೆ, ಏನು ಮಾಡುವುದು? 1920ರ ದಶಕದಲ್ಲಿ ಬಿಎಎಸ್‌ಎಫ್ ಕಂಪನಿಯ ಮಥಿಯಾಸ್ ಪಿಯರ್ ಮತ್ತು ಅವನ ತಂಡ ಇದಕ್ಕೆ ದಾರಿ ಹುಡುಕಿದರು. ಗಂಧಕಕ್ಕೆ ಹೆದರುವ ಲೋಹದ ಬದಲು ಮೊದಲೇ ಗಂಧಕ ಕುಡಿದು ಕೂತ ಲೋಹ ತೆಗೆದುಕೊಂಡರೆ ಆಯಿತಲ್ಲ! ಮಾಲಿಬ್ಡಿನಮ್ ಸಲ್ಫೈಡ್, ಟಂಗ್‌ಸ್ಟನ್ ಸಲ್ಫೈಡ್. ಇವಕ್ಕೆ ಗಂಧಕ ವಿಷವಲ್ಲ, ಊಟ. ಅವರ ಟಂಗ್‌ಸ್ಟನ್ ಕ್ಯಾಟಲಿಸ್ಟಿಗೆ ಹೆಸರೇ ಇರಲಿಲ್ಲ, 5058 ಅನ್ನುವ ನಂಬರಿನಿಂದಲೇ ಅದು ಪ್ರಸಿದ್ಧ. ಇಂದು ಮಂಗಳೂರಿನ ರಿಫೈನರಿಯೂ ಸೇರಿ ಜಗತ್ತಿನ ರಿಫೈನರಿಗಳಲ್ಲಿ ಡೀಸೆಲ್‌ನಿಂದ ಗಂಧಕ ತೆಗೆಯುವ ಕ್ಯಾಟಲಿಸ್ಟುಗಳು ಇದೇ ವಂಶದವು. ಹೈಡ್ರೋಕ್ರ್ಯಾಕರುಗಳ ಮೂಲವೂ ಇಲ್ಲೇ. ಕಚ್ಚಾ ತೈಲದವರು ಕಲ್ಲಿದ್ದಲಿನವರಿಂದ ಕಲಿತ ವಿದ್ಯೆ ಇದು, ಇದನ್ನು ಜನ ಮರೆತೇಬಿಟ್ಟಿದ್ದಾರೆ.

1927ರಲ್ಲಿ ಜರ್ಮನಿಯ ಲಾಯ್ನಾ ಅನ್ನುವ ಊರಿನಲ್ಲಿ ಲಿಗ್ನೈಟ್‌ನಿಂದ ಪೆಟ್ರೋಲ್ ತೆಗೆಯುವ ದೊಡ್ಡ ಪ್ಲಾಂಟ್ ಶುರುವಾಯಿತು. ವರ್ಷಕ್ಕೆ 1 ಲಕ್ಷ ಟನ್ ಗುರಿ. 1931ರಲ್ಲಿ ಬರ್ಗಿಯುಸ್ ಮತ್ತು ಕಾರ್ಲ್ ಬಾಷ್ ಇಬ್ಬರಿಗೂ ಸೇರಿ ನೊಬೆಲ್ ಬಂತು, ಭಾರೀ ಒತ್ತಡದ ರಸಾಯನ ವಿದ್ಯೆಗಾಗಿ. ಬಾಷ್ ಅಂದರೆ ಗೊಬ್ಬರದ ಅಮೋನಿಯಾ ಪ್ಲಾಂಟ್ ಕಟ್ಟಿದ ಬಾಷ್. ಅವನ ಅನುಭವ ಇಲ್ಲದೆ ಇದ್ಯಾವುದೂ ಆಗುತ್ತಿರಲಿಲ್ಲ. ಬಿಸಿ ಹೈಡ್ರೋಜನ್ ಸಾಮಾನ್ಯ ಉಕ್ಕಿನೊಳಗೆ ನುಗ್ಗಿ, ಉಕ್ಕಿನಲ್ಲಿರುವ ಕಾರ್ಬನ್ನನ್ನು ಮೀಥೇನ್ ಮಾಡಿ, ಒಳಗಿಂದೊಳಗೇ ಬಿರುಕು ಬಿಡಿಸಿ ಪಾತ್ರೆಯನ್ನೇ ಸಿಡಿಸುತ್ತಿತ್ತು. ಬಾಷ್ ಒಳಗಡೆ ಕಾರ್ಬನ್ ಇಲ್ಲದ ಮೆತ್ತನೆ ಕಬ್ಬಿಣದ ಪದರ ಹಾಕಿ, ಹೊರಗಿನ ಉಕ್ಕಿಗೆ ಸಣ್ಣ ಸಣ್ಣ ತೂತು ಕೊರೆಸಿದ. ಪದರ ದಾಟಿ ಬಂದ ಹೈಡ್ರೋಜನ್ ಉಕ್ಕನ್ನು ತಿನ್ನದೆ ತೂತಿನಿಂದ ಹೊರಗೆ ಹೋಗಲಿ ಅಂತ. ಎಂಥ ತಲೆ ನೋಡಿ! ಒತ್ತಡದ ಪಾತ್ರೆಗೆ ಬೇಕಂತಲೇ ತೂತು ಕೊರೆಯಲು ಧೈರ್ಯ ಬೇಕು.

ಟಾರಿನ ಕಥೆ ಮುಖ್ಯವಾಗಿ ಬ್ರಾಬಾಗ್ ಅನ್ನುವ ಕಂಪನಿಯದು. 1934ರಲ್ಲಿ ನಾಜಿ ಸರ್ಕಾರ ಲಿಗ್ನೈಟ್ ಗಣಿಯವರನ್ನೆಲ್ಲ ಹಿಡಿದು ಬಲವಂತವಾಗಿ ಸೇರಿಸಿ ಕಟ್ಟಿಸಿದ್ದು. ಬೋಲೆನ್, ಮಾಗ್ಡೆಬುರ್ಗ್, ಟ್ಸೈಟ್ಸ್ ಊರುಗಳಲ್ಲಿ ಲಿಗ್ನೈಟನ್ನು ನೇರವಾಗಿ ರಿಯಾಕ್ಟರಿಗೆ ಹಾಕದೆ, ಮೊದಲು ಅದರ ಟಾರ್ ತೆಗೆದು, ಆ ಟಾರಿಗೆ ಹೈಡ್ರೋಜನ್ ಕೊಡುತ್ತಿದ್ದರು. ಬೂದಿ ಇಲ್ಲ, ಪುಡಿ ಕಲಸುವ ರಗಳೆ ಇಲ್ಲ, ಪಂಪುಗಳು ಸವೆಯುವುದಿಲ್ಲ. ಇದು ತಂಪು ಟಾರ್ ಅನ್ನುವುದನ್ನು ಗಮನಿಸಿ. ಟ್ಸೈಟ್ಸ್‌ನಲ್ಲಿ ಇನ್ನೂ ಒಂದು ಜಾಣತನ ಮಾಡಿದರು. ಲಿಗ್ನೈಟ್ ಟಾರಿನಲ್ಲಿ ಮೇಣ ಬಹಳ. ಅದನ್ನು ಸುಮ್ನೆ ಮುರಿದು ಪೆಟ್ರೋಲ್ ಮಾಡುವುದಕ್ಕಿಂತ, ಬಿಸಿ ಕಡಿಮೆ ಇಟ್ಟು, 300 ವಾತಾವರಣದಷ್ಟು ಒತ್ತಡ ಕೊಟ್ಟು, ಉಂಗುರಗಳಿಗೆ ಮಾತ್ರ ಹೈಡ್ರೋಜನ್ ತುಂಬಿ, ಮೇಣವನ್ನು ಮೇಣವಾಗಿಯೇ ಉಳಿಸಿಕೊಂಡರು. ಡೀಸೆಲ್, ಲೂಬ್ರಿಕೇಟಿಂಗ್ ಎಣ್ಣೆ, ಪ್ಯಾರಾಫಿನ್ ಮೂರೂ ಒಂದೇ ಪ್ಲಾಂಟಿನಿಂದ. ಯುದ್ಧ ಮುಗಿದ ಮೇಲೆ ಪೂರ್ವ ಜರ್ಮನಿಯವರೂ ಈ ಪ್ಲಾಂಟನ್ನು ನಡೆಸಿದರು.

ಇದರ ಕಪ್ಪು ಮುಖವನ್ನೂ ಹೇಳಬೇಕು. ಯುದ್ಧದ ವರ್ಷಗಳಲ್ಲಿ ಈ ಪ್ಲಾಂಟುಗಳಲ್ಲಿ ದುಡಿದವರಲ್ಲಿ ಕಾನ್ಸಂಟ್ರೇಷನ್ ಕ್ಯಾಂಪಿನ ಕೈದಿಗಳೂ ಇದ್ದರು. ಟ್ಸೈಟ್ಸ್ ಹತ್ತಿರ ಬುಖೆನ್‌ವಾಲ್ಡ್ ಕ್ಯಾಂಪಿನ ಒಂದು ಉಪಶಿಬಿರವನ್ನೇ ಇದಕ್ಕಾಗಿ ತೆರೆದಿದ್ದರು. ಜರ್ಮನಿಯ ಯುದ್ಧವಿಮಾನಗಳ ಪೆಟ್ರೋಲಿನ ಬಹುಪಾಲು ಹೈಡ್ರೋಜನೀಕರಣ ಪ್ಲಾಂಟುಗಳಿಂದಲೇ ಬರುತ್ತಿತ್ತು. 1944ರ ಮೇ 12ರಂದು ಅಮೆರಿಕದ ಬಾಂಬರುಗಳು ಲಾಯ್ನಾ, ಬೋಲೆನ್, ಟ್ಸೈಟ್ಸ್, ಬ್ರೂಕ್ಸ್ ಎಲ್ಲದರ ಮೇಲೂ ಒಂದೇ ದಿನ ಬಿದ್ದವು. ರಿಪೇರಿ ಮಾಡಿದರು, ಮತ್ತೆ ಬಾಂಬು ಬಿತ್ತು. ನೂರಾರು ವಾತಾವರಣದ ಒತ್ತಡದಲ್ಲಿ ಹೈಡ್ರೋಜನ್ ಇರುವ ಜಾಗಕ್ಕೆ ಬಾಂಬು ಬಿದ್ದರೆ ಏನಾಗುತ್ತದೆ ಅಂತ ಪ್ಲಾಂಟಿನಲ್ಲಿ ಕೆಲಸ ಮಾಡಿದವರಿಗೆ ವಿವರಿಸಿ ಹೇಳಬೇಕಿಲ್ಲ.

ಇಂಗ್ಲೆಂಡಿನ ಉದಾಹರಣೆ ನನ್ನ ವಾದಕ್ಕೆ ಇನ್ನೂ ಹತ್ತಿರ. ಬಿಲ್ಲಿಂಗ್‌ಹ್ಯಾಮ್‌ನಲ್ಲಿ ಐಸಿಐ ಕಂಪನಿಯ ಪ್ಲಾಂಟ್ 1935ರಲ್ಲಿ ಉದ್ಘಾಟನೆಯಾಯಿತು. ವರ್ಷಕ್ಕೆ ಒಂದೂವರೆ ಲಕ್ಷ ಟನ್ ಪೆಟ್ರೋಲ್. ಅದರಲ್ಲಿ ದೊಡ್ಡ ಪಾಲು ಕಲ್ಲಿದ್ದಲಿನಿಂದ, ಉಳಿದದ್ದು ಕ್ರಿಯೋಸೋಟ್ ಎಣ್ಣೆ ಮತ್ತು ಟಾರಿನಿಂದ ಅನ್ನುವುದು ಯೋಜನೆ. ಕೆಲವೇ ವರ್ಷಗಳಲ್ಲಿ ಕಲ್ಲಿದ್ದಲನ್ನು ಬಿಟ್ಟು ಪೂರ್ತಿ ಕ್ರಿಯೋಸೋಟಿಗೇ ಇಳಿದರು. ಕ್ರಿಯೋಸೋಟ್ ಅಂದರೆ ಟಾರನ್ನು ಬಟ್ಟಿ ಇಳಿಸಿದಾಗ ಪಿಚ್ ಕೆಳಗೆ ಉಳಿದು ಮೇಲೆ ಬರುವ ಎಣ್ಣೆ. ಮೊದಲೇ ದ್ರವ, ಮೊದಲೇ ಶುದ್ಧ, ಪಿಚ್ಚಿನ ಕಾಟವಿಲ್ಲ. ಹಾಗಿದ್ದೂ ಹೊರಗಿನಿಂದ ಬರುವ ಪೆಟ್ರೋಲಿನ ಮೇಲೆ ಸುಂಕ ಇದ್ದು, ದೇಶದೊಳಗೆ ಮಾಡಿದ್ದಕ್ಕೆ ರಿಯಾಯಿತಿ ಸಿಕ್ಕಿದ್ದರಿಂದ ನಡೆಯಿತು. 1958ರಲ್ಲಿ ಮುಚ್ಚಿದರು. ಅಗ್ಗದ ಕಚ್ಚಾ ತೈಲದ ಎದುರು ನಿಲ್ಲಲಾಗಲಿಲ್ಲ, ಅಷ್ಟೇ.

ರಿಯಾಕ್ಟರಿನ ಒಳಗೆ ಏನಾಗುತ್ತದೆ ಅನ್ನುವುದು ನನ್ನ ಇಷ್ಟದ ಭಾಗ, ಬೇಸರವಾದರೆ ಕೆಳಗೆ ಹಾರಿ.

ಟಾರನ್ನು ನೇರವಾಗಿ ಒಳಗೆ ಬಿಡಲಾಗುವುದಿಲ್ಲ. ಅದರಲ್ಲಿ ನೀರು ಇರುತ್ತದೆ, ಕಲ್ಲಿದ್ದಲಿನ ಸಣ್ಣ ಪುಡಿ ಇರುತ್ತದೆ, ಕ್ಲೋರೈಡ್ ಉಪ್ಪು, ಕಬ್ಬಿಣ, ಸೋಡಿಯಂ, ಕ್ಯಾಲ್ಸಿಯಂ ಎಲ್ಲ ಇರುತ್ತವೆ. ಇವನ್ನು ತೆಗೆಯದಿದ್ದರೆ ಕ್ಯಾಟಲಿಸ್ಟ್ ಬೆಡ್ಡಿನ, ಅಂದರೆ ರಿಯಾಕ್ಟರಿನೊಳಗೆ ತುಂಬಿಟ್ಟ ಕ್ಯಾಟಲಿಸ್ಟ್ ರಾಶಿಯ, ಮೇಲೆ ಹೊರಪದರ ಕಟ್ಟಿ, ಮೇಲಿನ ಒತ್ತಡಕ್ಕೂ ಕೆಳಗಿನ ಒತ್ತಡಕ್ಕೂ ವ್ಯತ್ಯಾಸ ದಿನದಿನಕ್ಕೆ ಏರಿ, ಕ್ಯಾಟಲಿಸ್ಟ್ ಇನ್ನೂ ಗಟ್ಟಿಮುಟ್ಟಾಗಿದ್ದರೂ ಪ್ಲಾಂಟ್ ನಿಲ್ಲಿಸಬೇಕಾಗುತ್ತದೆ. ಅದಕ್ಕೇ ಮುಂದೆ ಗಾರ್ಡ್ ಬೆಡ್ ಇಡುತ್ತಾರೆ. ದೊಡ್ಡ ರಂಧ್ರದ, ಅಗ್ಗದ ಸಾಮಗ್ರಿ. ಕಸವನ್ನೆಲ್ಲ ಅದು ನುಂಗಲಿ ಅಂತ.

ಮುಖ್ಯ ಬೆಡ್ಡಿನಲ್ಲಿ ಸಾಮಾನ್ಯವಾಗಿ ಅಲ್ಯೂಮಿನಾದ ಮೇಲೆ ನಿಕ್ಕಲ್ ಮತ್ತು ಮಾಲಿಬ್ಡಿನಮ್ ಇರುತ್ತದೆ. ತುಂಬುವಾಗ ಅದು ಆಕ್ಸೈಡ್. ಆಮೇಲೆ ಡೈಮೀಥೈಲ್ ಡೈಸಲ್ಫೈಡ್ ಅನ್ನುವ ದ್ರವ ಬಿಟ್ಟು ಗಂಧಕ ಕುಡಿಸುತ್ತಾರೆ. ಕೊಳೆತ ಬೆಳ್ಳುಳ್ಳಿ ವಾಸನೆ, ಆ ದಿನ ಕ್ಯಾಂಟೀನಿನಲ್ಲಿ ಊಟ ಸೇರುವುದಿಲ್ಲ. ಒತ್ತಡ 120ರಿಂದ 180 ಬಾರ್, ಬಿಸಿ 350ರಿಂದ 400 ಡಿಗ್ರಿ ಆಸುಪಾಸು.

ಒಳಗೆ ಎಲ್ಲ ಕೆಲಸವೂ ಒಟ್ಟೊಟ್ಟಿಗೆ ನಡೆಯುತ್ತದೆ. ಗಂಧಕ ಹೈಡ್ರೋಜನ್ ಸಲ್ಫೈಡ್ ಆಗಿ ಹೋಗುತ್ತದೆ, ಇದು ಸುಲಭ. ಆಕ್ಸಿಜನ್ ನೀರಾಗಿ ಹೋಗುತ್ತದೆ. ತಂಪು ಟಾರಿನಲ್ಲಿ ಫೀನಾಲ್ ಜಾಸ್ತಿ ಇರುವುದರಿಂದ ನೀರೂ ಜಾಸ್ತಿ, ಆ ಬಿಸಿ ಹಬೆ ಅಲ್ಯೂಮಿನಾವನ್ನು ನಿಧಾನವಾಗಿ ಹಾಳು ಮಾಡುತ್ತದೆ. ಜೊತೆಗೆ ಫೀನಾಲ್ ಅನ್ನುವುದು ಮಾರಿದರೆ ದುಡ್ಡು ಬರುವ ಮಾಲು. ಅದಕ್ಕೆ ದುಬಾರಿ ಹೈಡ್ರೋಜನ್ ಕೊಟ್ಟು ನೀರು ಮಾಡುವುದು ಯಾವ ಲೆಕ್ಕ? ಬುದ್ಧಿ ಇರುವವರು ಮೊದಲೇ ಫೀನಾಲ್ ತೆಗೆದು ಮಾರುತ್ತಾರೆ. ಎಲ್ಲಕ್ಕಿಂತ ಹಠಮಾರಿ ನೈಟ್ರೋಜನ್. ಟಾರಿನ ನೈಟ್ರೋಜನ್ ಬಹಳಷ್ಟು ಕ್ವಿನೋಲಿನ್‌ನಂಥ ಉಂಗುರಗಳ ಒಳಗೇ ಕೂತಿರುತ್ತದೆ. ಅದನ್ನು ಕೀಳಬೇಕಾದರೆ ಮೊದಲು ಇಡೀ ಉಂಗುರಕ್ಕೆ ಹೈಡ್ರೋಜನ್ ತುಂಬಬೇಕು, ಆಮೇಲೆ ಕೊಂಡಿ ಮುರಿಯಬೇಕು. ಅಷ್ಟರವರೆಗೆ ಅದು ಕ್ಯಾಟಲಿಸ್ಟಿನ ಆಮ್ಲೀಯ ಜಾಗಗಳ ಮೇಲೆ ಅಂಟಿ ಕೂತು ಬೇರೆಯವರಿಗೆ ಜಾಗವನ್ನೇ ಬಿಡುವುದಿಲ್ಲ. ಕೊನೆಗೆ ಅಮೋನಿಯಾ ಆಗಿ ಹೊರಬಂದರೂ ಕಾಟ ತಪ್ಪದು. ತಣ್ಣಗಾಗುವಾಗ ಹೈಡ್ರೋಜನ್ ಸಲ್ಫೈಡ್ ಜೊತೆ, ಕ್ಲೋರೈಡ್ ಜೊತೆ ಸೇರಿ ಉಪ್ಪಾಗಿ ಏರ್ ಕೂಲರಿನ ಕೊಳವೆಗಳಲ್ಲಿ ಕೂರುತ್ತದೆ, ಕೂತಲ್ಲಿ ತೂತು ಮಾಡುತ್ತದೆ. ಅದಕ್ಕಾಗಿಯೇ ಅಲ್ಲಿ ಸದಾ ನೀರು ಬಿಟ್ಟು ತೊಳೆಯುತ್ತಿರಬೇಕು.

ಉಂಗುರ ತುಂಬುವ ಕೆಲಸದಲ್ಲಿ ಶಾಖ ಹುಟ್ಟುತ್ತದೆ, ಅದೂ ಬೇಜಾನ್. ನ್ಯಾಫ್ತಲೀನ್ ಮೊದಲು ಟೆಟ್ರಾಲಿನ್ ಆಗುತ್ತದೆ, ಆಮೇಲೆ ಡೆಕಾಲಿನ್. ಪ್ರತಿ ಹೆಜ್ಜೆಗೂ ಬಿಸಿ ಏರುತ್ತದೆ, ಬಿಸಿ ಏರಿದರೆ ಕ್ರಿಯೆ ಇನ್ನೂ ಜೋರಾಗುತ್ತದೆ, ಜೋರಾದರೆ ಇನ್ನೂ ಬಿಸಿ. ತಡೆಯದಿದ್ದರೆ ರಿಯಾಕ್ಟರ್ ಕೈತಪ್ಪಿ ಹೋಗುತ್ತದೆ. ಹಾಗಾಗಿ ಬೆಡ್ಡುಗಳ ನಡುನಡುವೆ ತಣ್ಣನೆ ಹೈಡ್ರೋಜನ್ ಚುಚ್ಚುತ್ತಾರೆ. ಹೊಸದಾಗಿ ಸೇರಿದಾಗ ನಮ್ಮ ಶಿಫ್ಟ್‌ನ ಹಿರಿಯರೊಬ್ಬರು, ಹೊಸಪೇಟೆ ಕಡೆಯವರು, ಸ್ಕ್ರೀನ್ ಮೇಲಿನ ಬೆಡ್ ಟೆಂಪರೇಚರ್ ತೋರಿಸಿ, "ಇದರ ಮ್ಯಾಲ ಕಣ್ಣಿಡಪಾ, ಉಳಿದದ್ದು ನಾ ನೋಡ್ಕೋತೀನಿ" ಅನ್ನುತ್ತಿದ್ದರು. ಹೈಡ್ರೋಜನ್ ಸೋರಿ ಬೆಂಕಿ ಹತ್ತಿದರೆ ಹಗಲಿನಲ್ಲಿ ಆ ಉರಿ ಕಣ್ಣಿಗೆ ಕಾಣುವುದಿಲ್ಲ ಅನ್ನುವುದನ್ನೂ ಮೊದಲು ಹೇಳಿಕೊಟ್ಟವರು ಅವರೇ.

ಇಷ್ಟೆಲ್ಲ ಆದ ಮೇಲೆ ಬರುವ ಮಾಲು ಹೇಗಿರುತ್ತದೆ? ಟಾರಿನ ಉಂಗುರಗಳಿಗೆ ಹೈಡ್ರೋಜನ್ ತುಂಬಿದರೂ ಅವು ಉಂಗುರಗಳೇ. ಹಗುರ ಭಾಗ ನ್ಯಾಫ್ತಾ, ಅದರಿಂದ ಬೆಂಜೀನ್, ಟಾಲೂಯೀನ್, ಜೈಲೀನ್ ತೆಗೆಯಲು ತುಂಬಾ ಒಳ್ಳೆಯದು. ಆದರೆ ಡೀಸೆಲ್ ಭಾಗದ ಸೀಟೇನ್ ಕಡಿಮೆ, ಎಂಜಿನ್ನಿನಲ್ಲಿ ಬೇಗ ಹತ್ತಿಕೊಳ್ಳುವುದಿಲ್ಲ, ಬೇರೆ ಒಳ್ಳೆಯ ಡೀಸೆಲ್ ಜೊತೆ ಬೆರೆಸಬೇಕು. ಒಂದು ಗುಣ ಮಾತ್ರ ಮೆಚ್ಚಬೇಕು, ಚಳಿಗೆ ಹೆಪ್ಪುಗಟ್ಟುವುದಿಲ್ಲ. ಈ ಉಂಗುರದ ಅಣುಗಳಿಗೆ ಇನ್ನೊಂದು ಶಕ್ತಿ ಇದೆ, ಬಿಸಿ ತಡೆಯುತ್ತವೆ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಹೆರಾಲ್ಡ್ ಶೋಬರ್ಟ್ ಅವರ ತಂಡ ಕೋಕ್ ಓವನ್ ಟಾರಿನಿಂದ ಬಂದ ಎಣ್ಣೆಯನ್ನೂ ರಿಫೈನರಿಯ ಒಂದು ಎಣ್ಣೆಯನ್ನೂ ಬೆರೆಸಿ, ಹೈಡ್ರೋಜನ್ ಕೊಟ್ಟು ಜೆಪಿ-900 ಅನ್ನುವ ಜೆಟ್ ಇಂಧನ ಮಾಡಿತು. 900 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 480 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಡದೆ ಇರಲಿ ಅನ್ನುವುದು ಗುರಿ. ವೇಗದ ವಿಮಾನಗಳಲ್ಲಿ ಇಂಧನವೇ ಎಂಜಿನ್ನಿನ ಬಿಸಿಯನ್ನೂ ಹೀರಿಕೊಳ್ಳಬೇಕಲ್ಲ, ಅದಕ್ಕೆ. ಬಿಸಿ ಟಾರಿಗೆ ಹೈಡ್ರೋಜನ್ ಕೊಡಲು ನನಗೆ ಸರಿ ಅನಿಸಿದ ಕಾರಣ ಇದೊಂದೇ. ಲೀಟರಿಗೆ ಎಷ್ಟಾದರೂ ಕೊಡುವ ಗಿರಾಕಿ ಸೇನೆ ಮಾತ್ರ.

ಈಗ ಚೀನಾ. ಶಾನ್‌ಷಿ ಪ್ರಾಂತ್ಯದ ಉತ್ತರ ತುದಿಯಲ್ಲಿ ಯೂಲಿನ್, ಶೆನ್‌ಮು, ಫುಗು ಅನ್ನುವ ಊರುಗಳಿವೆ. ಅಲ್ಲಿ ಬೂದಿ ಕಡಿಮೆ ಇರುವ, ಎಳೆಯ, ಅನಿಲ ತುಂಬಿದ ಕಲ್ಲಿದ್ದಲು ರಾಶಿ ರಾಶಿ ಇದೆ. ಅದನ್ನು ಸುಮಾರು 600, 700 ಡಿಗ್ರಿಯಲ್ಲಿ ಕಾಯಿಸಿ ಲಾನ್‌ತಾನ್ ಅನ್ನುವ ಅರೆಕೋಕ್ ಮಾಡುತ್ತಾರೆ. ಕ್ಯಾಲ್ಸಿಯಂ ಕಾರ್ಬೈಡ್ ಫ್ಯಾಕ್ಟರಿಗಳಿಗೂ ಫೆರೋಸಿಲಿಕಾನ್ ಫ್ಯಾಕ್ಟರಿಗಳಿಗೂ ಅದು ಬೇಕು. ಅಂದರೆ ಅಲ್ಲಿ ಮಾರುಕಟ್ಟೆ ಇರುವುದು ಅರೆಕೋಕಿಗೆ, ಟಾರ್ ಸುಮ್ನೆ ಜೊತೆಗೆ ಬಂದದ್ದು. ಅದೂ ತಂಪು ಟಾರ್. ಒಳ್ಳೆಯ ಪಿಚ್ ಆಗಲು ಲಾಯಕ್ಕಲ್ಲ, ಹೈಡ್ರೋಜನ್ ಕೊಡಲು ಲಾಯಕ್ಕು. ಕೆಲವರು ಟಾರನ್ನು ಬಟ್ಟಿ ಇಳಿಸಿ ಮೇಲಿನ ಎಣ್ಣೆಗೆ ಮಾತ್ರ ಹೈಡ್ರೋಜನ್ ಕೊಡುತ್ತಾರೆ. ಕೆಲವರು ಮೊದಲು ಕೋಕರಿನಲ್ಲಿ ಕಾಯಿಸಿ ಭಾರದ ಭಾಗವನ್ನು ಕೋಕ್ ಮಾಡಿ ಉಳಿದದ್ದಕ್ಕೆ ಕೊಡುತ್ತಾರೆ. ಶೆನ್‌ಮುನಲ್ಲಿ ಪೂರ್ತಿ ಟಾರನ್ನೇ ಸೋಸಿ ತೊಳೆದು ರಿಯಾಕ್ಟರಿಗೆ ಬಿಡುವ ಪ್ಲಾಂಟೂ ಇದೆ. ಇದನ್ನು ನೋಡಿ "ಚೀನಾದವರು ಮಾಡುತ್ತಾರೆ, ನಮಗೆ ಆಗಲ್ವಾ" ಅಂತ ಟಿವಿಯಲ್ಲಿ ಮಾತನಾಡುವವರು ಅವರ ಟಾರ್ ಯಾವುದು, ನಮ್ಮದು ಯಾವುದು ಅಂತ ಒಮ್ಮೆಯೂ ಕೇಳುವುದಿಲ್ಲ.

ನಮ್ಮಲ್ಲಿ ಸದ್ಯ ಸಿಗುವುದು ಹೆಚ್ಚಾಗಿ ಬಿಸಿ ಟಾರ್. ಪ್ರಮಾಣವನ್ನೂ ನೋಡಿ. ದೇಶದ ಓವನ್ನುಗಳೆಲ್ಲ ಸೇರಿ ವರ್ಷಕ್ಕೆ 10 ಕೋಟಿ ಟನ್ ಕಲ್ಲಿದ್ದಲು ಕಾಯಿಸುತ್ತವೆ ಅಂತ ಧಾರಾಳವಾಗಿ ಇಟ್ಟುಕೊಳ್ಳೋಣ. ಟಾರ್ ಬರುವುದು 35 ಲಕ್ಷ ಟನ್. ನಾವು ಸುಡುವ ಡೀಸೆಲ್ ವರ್ಷಕ್ಕೆ ಸುಮಾರು 9 ಕೋಟಿ ಟನ್. ಒಂದು ತೊಟ್ಟನ್ನೂ ಬಿಡದೆ ಎಲ್ಲ ಟಾರನ್ನೂ ಡೀಸೆಲ್ ಮಾಡಿದರೂ ಶೇ. 4ರ ಹತ್ತಿರ ಅಷ್ಟೇ.

ಮತ್ತೆ ಆ ಟಾರ್ ಸುಮ್ಮನೆ ಬಿದ್ದಿಲ್ಲ. ಪಿಚ್ ಅಲ್ಯೂಮಿನಿಯಂ ಕಾರ್ಖಾನೆಗಳಿಗೆ ಹೋಗುತ್ತದೆ. ಅಲ್ಯೂಮಿನಿಯಂ ತೆಗೆಯುವಾಗ ಬಳಸುವ ಕಾರ್ಬನ್ ಆನೋಡುಗಳಲ್ಲಿ ಸುಮಾರು ಶೇ. 15 ಪಿಚ್ಚೇ, ಪುಡಿಯನ್ನು ಹಿಡಿದಿಡುವ ಅಂಟು ಅದು. ಅದಕ್ಕೆ ಸರಿಸಾಟಿಯಾದ ಬೇರೆ ಅಂಟನ್ನು ದೊಡ್ಡ ಪ್ರಮಾಣದಲ್ಲಿ ಇನ್ನೂ ಯಾರೂ ತಂದಿಲ್ಲ. ಆಂತ್ರಸೀನ್ ಎಣ್ಣೆ ಕಾರ್ಬನ್ ಬ್ಲ್ಯಾಕ್ ಆಗಿ ಟೈರಿಗೆ ಸೇರುತ್ತದೆ. ನ್ಯಾಫ್ತಲೀನ್ ಬಹಳಷ್ಟು ಕಾಂಕ್ರೀಟಿಗೆ ಬೆರೆಸುವ ಪ್ಲಾಸ್ಟಿಸೈಸರಿಗೆ ಹೋಗುತ್ತದೆ, ಬೆಂಗಳೂರಿನಲ್ಲಿ ರೆಡಿಮಿಕ್ಸ್ ಲಾರಿ ತಂದು ಸುರಿಯುವ ಕಾಂಕ್ರೀಟಿನಲ್ಲೂ ಕಲ್ಲಿದ್ದಲಿನ ಪಾಲು ಇರಬಹುದು. ಇವೆಲ್ಲದರಲ್ಲಿ ಬೇಕಾಗಿರುವುದೇ ಆ ಉಂಗುರ, ಹೈಡ್ರೋಜನ್ ಕಡಿಮೆ ಇರುವ ಆ ಗುಣವೇ. ಅದನ್ನು ದುಬಾರಿ ಹೈಡ್ರೋಜನ್ ಕೊಟ್ಟು ಒಡೆದು, ಮೂರನೇ ದರ್ಜೆಯ ಡೀಸೆಲ್ ಮಾಡಿ ಲಾರಿಯಲ್ಲಿ ಸುಟ್ಟರೆ ಯಾರಿಗೆ ಲಾಭ?

ಟಾರ್ ಮುಟ್ಟುವವರ ಆರೋಗ್ಯದ ಮಾತು ಹೇಳದೆ ಮುಂದೆ ಹೋಗಲಾರೆ. 1915ರಲ್ಲಿ ಜಪಾನಿನ ಯಮಾಗಿವಾ ಮತ್ತು ಇಚಿಕಾವಾ ಮೊಲಗಳ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲಿನ ಟಾರ್ ಹಚ್ಚಿ ಕ್ಯಾನ್ಸರ್ ಬರಿಸಿ ತೋರಿಸಿದರು. ಇಂದಿಗೂ ಎಷ್ಟೋ ಕಡೆ ಗುತ್ತಿಗೆ ಕೆಲಸಗಾರರು ಬರಿಗೈಯಲ್ಲಿ ಟಾರ್ ಟ್ಯಾಂಕ್ ತೊಳೆಯುವುದನ್ನು ನಾನೇ ನೋಡಿದ್ದೇನೆ. ಗ್ಲೌಸ್ ಕೇಳಿದರೆ ಸ್ಟೋರಿನಲ್ಲಿ ಇಲ್ಲ ಅನ್ನುತ್ತಾರೆ.

ನಮ್ಮಲ್ಲಿ ತಂಪು ಟಾರ್ ಇಲ್ಲವೇ ಇಲ್ಲ ಅಂತಲ್ಲ. ನೈವೇಲಿಯಲ್ಲಿ ಒಂದು ಕಾಲದಲ್ಲಿ ಲಿಗ್ನೈಟ್ ಇಟ್ಟಿಗೆಗಳನ್ನು ಕಾಯಿಸಿ ಲೆಕೋ ಅನ್ನುವ ಹೆಸರಿನಲ್ಲಿ ಮಾರುತ್ತಿದ್ದರು, ಜೊತೆಗೆ ಟಾರೂ ಫೀನಾಲೂ ಬರುತ್ತಿತ್ತು. ಆ ಪ್ಲಾಂಟ್ ಈಗಿಲ್ಲ. ಒಡಿಶಾದ ಅಂಗುಲ್‌ನಲ್ಲಿ ಸ್ಟೀಲ್ ಕಂಪನಿಯೊಂದು ಲುರ್ಗಿ ಮಾದರಿಯ ಗ್ಯಾಸಿಫೈಯರುಗಳನ್ನು, ಅಂದರೆ ಕಲ್ಲಿದ್ದಲನ್ನೇ ಗ್ಯಾಸ್ ಮಾಡುವ ಪಾತ್ರೆಗಳನ್ನು, ಇಟ್ಟುಕೊಂಡಿದೆ. ಆ ಮಾದರಿಯಲ್ಲಿ ಕಲ್ಲಿದ್ದಲು ಮೇಲಿನಿಂದ ನಿಧಾನವಾಗಿ ಇಳಿಯುತ್ತಾ ಕಾಯುವುದರಿಂದ ಟಾರ್ ಬರುತ್ತದೆ, ಅದೂ ತಂಪು ಟಾರಿನ ಜಾತಿಯದ್ದೇ. ಪಕ್ಕದಲ್ಲೇ ಗ್ಯಾಸಿನಿಂದ ಹೈಡ್ರೋಜನ್ನೂ ಸಿಗುತ್ತದೆ. ಟಾರ್ ಮತ್ತು ಹೈಡ್ರೋಜನ್ ಒಂದೇ ಕಾಂಪೌಂಡಿನೊಳಗೆ ಸಿಗುವ ಇಂಥ ಜಾಗದಲ್ಲಿ ಲೆಕ್ಕ ಬೇರೆ ಆಗಬಹುದು.

ಕೇಂದ್ರ ಸರ್ಕಾರ 2030ರ ಹೊತ್ತಿಗೆ 10 ಕೋಟಿ ಟನ್ ಕಲ್ಲಿದ್ದಲನ್ನು ಗ್ಯಾಸ್ ಮಾಡುವ ಗುರಿ ಇಟ್ಟುಕೊಂಡಿದೆ, 2024ರ ಜನವರಿಯಲ್ಲಿ ಅದಕ್ಕೆ 8,500 ಕೋಟಿ ರೂಪಾಯಿಯ ಪ್ರೋತ್ಸಾಹ ಧನಕ್ಕೆ ಒಪ್ಪಿಗೆಯನ್ನೂ ಕೊಟ್ಟಿದೆ. ಆದರೆ ಗ್ಯಾಸಿಫೈಯರುಗಳೆಲ್ಲ ಒಂದೇ ತರಹ ಅಲ್ಲ. ಕಲ್ಲಿದ್ದಲನ್ನು ಹಿಟ್ಟು ಮಾಡಿ 1,300 ಡಿಗ್ರಿಗೂ ಮೇಲೆ ಉರಿಸುವ ಮಾದರಿಯಲ್ಲಿ ಟಾರ್ ಉಳಿಯುವುದೇ ಇಲ್ಲ, ಎಲ್ಲ ಗ್ಯಾಸಾಗಿ ಹೋಗುತ್ತದೆ. ನಮ್ಮ ಕಲ್ಲಿದ್ದಲಿನಲ್ಲಿ ಶೇ. 35, 40 ಬೂದಿ ಇರುವುದರಿಂದ ಆ ಮಾದರಿಗೆ ಅದು ಅಷ್ಟು ಹೊಂದುವುದಿಲ್ಲ. ಬಿಎಚ್‌ಇಎಲ್‌ನವರು ಬೆಳೆಸಿಕೊಂಡು ಬಂದ ಫ್ಲೂಯಿಡೈಸ್ಡ್ ಬೆಡ್ ಮಾದರಿ (ಕಲ್ಲಿದ್ದಲಿನ ಕಣಗಳನ್ನು ಕೆಳಗಿನಿಂದ ಊದಿ ತೇಲಿಸುವಂಥದ್ದು) ಹೊಂದುತ್ತದೆ, ಅದರಲ್ಲಿ ಟಾರ್ ತೀರಾ ಕಡಿಮೆ. ಲುರ್ಗಿ ಮಾದರಿಯಲ್ಲಿ ಸಾಕಷ್ಟು ಬರುತ್ತದೆ. ಹಾಗಾಗಿ ಮುಂದಿನ ಸಲ ಯಾರಾದರೂ ಟಾರಿನಿಂದ ಡೀಸೆಲ್ ಯಾಕಿಲ್ಲ ಅಂತ ಕೇಳಿದರೆ, ಯಾವ ಊರಿನಲ್ಲಿ ಯಾವ ಮಾದರಿಯ ಗ್ಯಾಸಿಫೈಯರಿಗೆ ಆರ್ಡರ್ ಹೋಗಿದೆ ಅಂತ ನಾನೇ ಅವರನ್ನು ಕೇಳುತ್ತೇನೆ.